ಚಪ್ಪಾಳೆಯಲ್ಲಿ ಕೊಟ್ಟ ಅಧಿಕಾರ

ಕಳೆದ ಭಾನುವಾರ ನಮ್ಮ ಕನ್ನಡ ಸಂಘದ ವಾರ್ಷಿಕ ಮಹಾಸಭೆ ಇತ್ತು. ಮುಂಬಯಿ ಕಡೆಯ ಮುಲುಂಡಿನಿಂದ ಡೊಂಬಿವಲಿಯವರೆಗೆ ಹರಡಿಕೊಂಡ ಸದಸ್ಯರಿರುವ, ಐವತ್ತು ವರ್ಷ ದಾಟಿದ ಸಂಘ. ಹೆಸರು ಹೇಳುವುದಿಲ್ಲ. ನಮ್ಮವರಿಗೆ ಗೊತ್ತಾಗುತ್ತದೆ, ಉಳಿದವರು ತಮ್ಮ ತಮ್ಮ ಸಂಘದ ಹೆಸರಿಟ್ಟುಕೊಂಡು ಓದಿದರೂ ಹೆಚ್ಚು ವ್ಯತ್ಯಾಸವಾಗಲಿಕ್ಕಿಲ್ಲ.

ಅಂದು ಎರಡು ಠರಾವುಗಳು ಬಂದವು. ಮೊದಲನೆಯದು ವಿಷಯಪಟ್ಟಿಯಲ್ಲೇ ಇತ್ತು: ಪ್ರಧಾನ ಕಾರ್ಯದರ್ಶಿ ಮತ್ತು ಕೋಶಾಧಿಕಾರಿ ಇಬ್ಬರೂ ಒಪ್ಪಿದರೆ ಕಾರ್ಯಕಾರಿ ಸಮಿತಿಯ ಸಭೆಗೆ ಕಾಯದೆ 25,000 ರೂಪಾಯಿಯವರೆಗೆ ಖರ್ಚು ಮಾಡಬಹುದು, ಮುಂದಿನ ಸಭೆಯಲ್ಲಿ ಲೆಕ್ಕ ಒಪ್ಪಿಸಬೇಕು. ಇದರ ಮೇಲೆ ಒಂದು ಗಂಟೆಗೂ ಮಿಕ್ಕಿ ಚರ್ಚೆ ನಡೆಯಿತು. "ಸಂಘದ ದುಡ್ಡು ಇಬ್ಬರ ಕೈಗೆ ಕೊಡುವುದೆಂದರೇನು?" ಎಂದು ಹಿರಿಯರೊಬ್ಬರು ಮೇಜು ಗುದ್ದಿದರು. ಠರಾವು ಬಿದ್ದುಹೋಯಿತು.

ಎರಡನೆಯದು ವಿಷಯಪಟ್ಟಿಯಲ್ಲಿ ಇರಲೇ ಇಲ್ಲ. "ಅಧ್ಯಕ್ಷರ ಅನುಮತಿಯ ಮೇರೆಗೆ ಬರುವ ಇತರ ವಿಷಯಗಳು" ಎಂದು ಎಲ್ಲ ನೋಟಿಸುಗಳ ಕೊನೆಗೆ ಒಂದು ಸಾಲಿರುತ್ತದಲ್ಲ, ಅದರಡಿ ಬಂತು. ನಮ್ಮ ಹಳೆಯ ಕಟ್ಟಡ ಕೆಡವಿ ಹೊಸದು ಕಟ್ಟುವ ರಿಡೆವಲಪ್‌ಮೆಂಟ್ ಕುರಿತು ಬಿಲ್ಡರ್ ಜೊತೆ ಮಾತುಕತೆ ನಡೆಸಿ, "ಸಂಘದ ಹಿತದೃಷ್ಟಿಯಿಂದ ಸೂಕ್ತವೆನಿಸಿದ ನಿರ್ಧಾರ ಕೈಗೊಳ್ಳುವ ಪೂರ್ಣ ಅಧಿಕಾರ" ಅಧ್ಯಕ್ಷರಿಗೆ. ಊಟದ ಹೊತ್ತಾಗಿತ್ತು. ಒಬ್ಬರು ಸೂಚಿಸಿದರು, ಇನ್ನೊಬ್ಬರು ಅನುಮೋದಿಸಿದರು, ಚಪ್ಪಾಳೆ ಬಿತ್ತು. ನಾಲ್ಕೈದು ನಿಮಿಷದಲ್ಲಿ ಮುಗಿಯಿತು.

ನಾನು ಎದ್ದು ನಿಲ್ಲಲು ಹೊರಟೆ. ಪಕ್ಕದಲ್ಲಿದ್ದವರು ಸೆರಗು ಹಿಡಿದು, "ಇರ್ಲಿ ಅಕ್ಕ, ಆಮೇಲೆ ಮಾತಾಡುವ, ಎಲ್ಲರಿಗೂ ಹಸಿವಾಗಿದೆ" ಎಂದರು. ಕುಳಿತುಬಿಟ್ಟೆ. ಹಾಗೆ ಕುಳಿತದ್ದು ತಪ್ಪು ಎಂದು ಮನೆಗೆ ಬರುವಷ್ಟರಲ್ಲೇ ಗೊತ್ತಾಗಿತ್ತು. ಅಂದು ಹೇಳಬೇಕಾಗಿದ್ದ ಮಾತನ್ನು ಇಲ್ಲಿ ಬರೆಯುತ್ತಿದ್ದೇನೆ. ಉದ್ದವಾಗುತ್ತದೆ, ಆದರೂ ಓದಿ.

ಇಪ್ಪತ್ತೈದು ಸಾವಿರ ರೂಪಾಯಿಗೆ ನಂಬದ ನಾವು, ಕೋಟಿಗಟ್ಟಲೆ ಬೆಲೆಯ ಜಾಗಕ್ಕೆ ನಂಬಿದೆವು. ಇದು ಅಂದಿನ ಹಸಿವಿನಿಂದ ಆದದ್ದಲ್ಲ. ಇಪ್ಪತ್ತೆರಡು ವರ್ಷಗಳಿಂದ ಸಂಘದಲ್ಲಿ ಓಡಾಡಿದ್ದೇನೆ. ಮಹಿಳಾ ವಿಭಾಗದ ಕಾರ್ಯಾಧ್ಯಕ್ಷೆಯಾಗಿ, ಆಮೇಲೆ ನಾಲ್ಕು ವರ್ಷ ಪ್ರಧಾನ ಕಾರ್ಯದರ್ಶಿಯಾಗಿ. ಪದಾಧಿಕಾರಿಗೆ ಎಲ್ಲಿ ಸ್ವಾತಂತ್ರ್ಯ ಬೇಕೋ ಅಲ್ಲಿ ಕಟ್ಟಿಹಾಕುತ್ತೇವೆ, ಎಲ್ಲಿ ಕಟ್ಟಬೇಕೋ ಅಲ್ಲಿ ಹಗ್ಗ ಬಿಚ್ಚಿ ಕೊಡುತ್ತೇವೆ. ಎರಡನ್ನೂ ಸ್ವತಃ ಅನುಭವಿಸಿದವಳು ನಾನು.

2020ರ ಮಾರ್ಚ್ ಕೊನೆಯ ವಾರ. ಲೋಕಲ್ ರೈಲುಗಳು ನಿಂತಿದ್ದವು. 24ರ ರಾತ್ರಿ ಪ್ರಧಾನಿ ಲಾಕ್‌ಡೌನ್ ಘೋಷಿಸಿದ ಮೂರನೇ ದಿನ ನನಗೊಂದು ಫೋನ್ ಬಂತು. ಹೊಟೇಲೊಂದರ ಅಡುಗೆಮನೆಯ ಹಿಂದಿನ ಖೋಲಿಯಲ್ಲಿದ್ದ ಹುಡುಗರು, ಕುಂದಾಪುರ, ಬೈಂದೂರು ಕಡೆಯವರು. "ಅಕ್ಕಾ, ನಾವು ಹನ್ನೊಂದು ಜನ ಇದ್ದೇವೆ. ಅಕ್ಕಿ ನಾಳೆ ಒಂದು ಹೊತ್ತಿಗೆ ಮಾತ್ರ ಉಂಟು." ಮಾಲೀಕರು ಊರಿಗೆ ಹೋಗಿ ಅಲ್ಲೇ ಸಿಕ್ಕಿಬಿದ್ದಿದ್ದರು. ಮರುದಿನ ಇನ್ನೊಂದು ಕಡೆಯಿಂದ ಫೋನ್, ಅದರ ಮರುದಿನ ಮತ್ತೆರಡು.

ನಮ್ಮ ನಿಯಮಾವಳಿಯಲ್ಲಿ ಕಾರ್ಯದರ್ಶಿ ತಾನಾಗಿ ಖರ್ಚು ಮಾಡಬಹುದಾದ ಮೊತ್ತ 2,000 ರೂಪಾಯಿ. ಸಂಘ ಶುರುವಾದ ಕಾಲದಲ್ಲಿ ಬರೆದದ್ದು, ಆಗ ಅದು ದೊಡ್ಡ ಮೊತ್ತವೇ. ಸಮಿತಿಯ ಸಭೆ ಕರೆಯೋಣವೆಂದರೆ ಯಾರೂ ಮನೆಯಿಂದ ಹೊರಬರುವಂತಿಲ್ಲ. ಫೋನಿನಲ್ಲೇ ಸಭೆ ಮಾಡುವುದು ಆಗಿನ್ನೂ ನಮ್ಮಲ್ಲಿ ಅರ್ಧಕ್ಕರ್ಧ ಜನಕ್ಕೆ ಗೊತ್ತಿರಲಿಲ್ಲ. ಕೋಶಾಧಿಕಾರಿಗೆ ಫೋನ್ ಮಾಡಿದೆ. ಅವರು ಒಂದೇ ಮಾತು ಹೇಳಿದರು: "ಮೇಡಂ, ನೀವು ತರಿಸಿ, ಬಿಲ್ಲು ಮಾತ್ರ ಬಿಡಬೇಡಿ." ದಿನಸಿ ಅಂಗಡಿಯ ಗುಜರಾತಿ ಸೇಠ್ ಅಕ್ಕಿ, ತೊಗರಿಬೇಳೆ, ಎಣ್ಣೆ, ಈರುಳ್ಳಿ, ಸಾಬೂನು ಕಟ್ಟಿ ಕೊಟ್ಟರು. ಐದು ವಾರದಲ್ಲಿ ಸಂಘದ ಖಾತೆಯಿಂದ 62,000 ರೂಪಾಯಿ ಹೋಯಿತು. ನಿಯಮದ ಪ್ರಕಾರ ಅಷ್ಟೂ ಅಕ್ರಮ.

ಮುಂದೆ ಸಭೆ ಸೇರಿದಾಗ ಮೊದಲ ಪ್ರಶ್ನೆಯೇ "ಯಾರನ್ನು ಕೇಳಿ ಮಾಡಿದಿರಿ?" ಆ ರಾತ್ರಿ ನಾನು ಅತ್ತಿದ್ದೆ. ಈಗ ಯೋಚಿಸಿದರೆ ಆ ಪ್ರಶ್ನೆಯಲ್ಲಿ ತಪ್ಪಿರಲಿಲ್ಲ. ಕೇಳಬೇಕಾದವರು ಕೇಳಿದರು, ಬಿಲ್ಲುಗಳ ಫೈಲ್ ಮುಂದಿಟ್ಟೆ, ಸಮಿತಿ ಕಾರ್ಯೋತ್ತರ ಮಂಜೂರಾತಿ ಕೊಟ್ಟಿತು. ತಪ್ಪಿದ್ದದ್ದು ನಿಯಮದಲ್ಲಿ. ಹನ್ನೊಂದು ಜನಕ್ಕೆ ಅಕ್ಕಿ ಕಳಿಸುವುದಕ್ಕೆ ಒಬ್ಬ ಕಾರ್ಯದರ್ಶಿ ನಿಯಮ ಮುರಿಯಬೇಕಾಗಿ ಬಂದರೆ, ಮುಂದಿನ ಸಲ ನಿಯಮ ಮುರಿಯಲು ಅಂಜುವವರು ಆ ಕುರ್ಚಿಯಲ್ಲಿದ್ದರೆ ಏನಾಗುತ್ತದೆ?

ಇನ್ನೊಂದು ಕಥೆಯನ್ನೂ ಹೇಳಲೇಬೇಕು, ಅದು ನನ್ನ ತಪ್ಪಿನದು. ಅದೇ ವರ್ಷ ಮೇ 18ರಂದು ಕರ್ನಾಟಕ ಸರ್ಕಾರ ಮಹಾರಾಷ್ಟ್ರ, ಗುಜರಾತ್, ತಮಿಳುನಾಡು, ಕೇರಳದಿಂದ ಬರುವವರಿಗೆ ತಿಂಗಳ ಕೊನೆಯವರೆಗೆ ಪ್ರವೇಶವಿಲ್ಲ ಎಂದಿತು. ಊರಿಗೆ ಮರಳಲು ಬೇಕಾದ ಸೇವಾಸಿಂಧು ಪಾಸಿಗೆ ಅರ್ಜಿ ಹಾಕಿ ಗಂಟುಮೂಟೆ ಕಟ್ಟಿ ಕುಳಿತಿದ್ದ ನಮ್ಮ ಹುಡುಗರು ಮತ್ತೆ ಖೋಲಿಯೊಳಗೆ ಉಳಿದರು. ನನಗೆ ಸಿಟ್ಟು ನೆತ್ತಿಗೇರಿತು. ಸಂಘದ ಲೆಟರ್‌ಹೆಡ್ಡಿನಲ್ಲಿ, "ಸಂಘದ ಸಮಸ್ತ ಸದಸ್ಯರ ಪರವಾಗಿ" ಎಂದು ಬರೆದು, ಊರಿನ ಸರ್ಕಾರವನ್ನು ಕಟುವಾಗಿ ಟೀಕಿಸಿ ಪತ್ರ ಕಳಿಸಿದೆ, ಪತ್ರಿಕೆಗೂ ಕೊಟ್ಟೆ. ಯಾರನ್ನೂ ಕೇಳಲಿಲ್ಲ.

ಎರಡೇ ದಿನದಲ್ಲಿ ಫೋನುಗಳು ಬಂದವು. ಸದಸ್ಯರಲ್ಲಿ ಎಷ್ಟೋ ಜನ ಆ ನಿರ್ಬಂಧ ಸರಿ ಎಂದು ನಂಬಿದ್ದರು. ಊರಿನಲ್ಲಿ ಅವರ ತಂದೆತಾಯಿ ಎಂಬತ್ತು ದಾಟಿದವರು, ಮುಂಬಯಿಯಿಂದ ಸೋಂಕು ಬರುತ್ತದೆಂಬ ಭಯ ಅವರದು. ಅವರ ಹೆಸರನ್ನೂ ನಾನು ಆ "ಸಮಸ್ತ"ದೊಳಗೆ ಸೇರಿಸಿಬಿಟ್ಟಿದ್ದೆ. ಅಕ್ಕಿಯ ಹಣ ವಿವಾದವಾಗಿದ್ದರೆ ನಾನೇ ಕಂತಿನಲ್ಲಿ ತುಂಬಿಕೊಡಬಹುದಿತ್ತು. ಅಚ್ಚಾಗಿ ಹೋದ ಮಾತನ್ನು ಯಾವ ಕಂತಿನಲ್ಲಿ ವಾಪಸು ತರುವುದು? ಇಬ್ಬರು ಹಿರಿಯ ಸದಸ್ಯರು ಅಂದು ಬಿಟ್ಟವರು ಮತ್ತೆ ಬರಲೇ ಇಲ್ಲ. ಅಚ್ಚರಿಯೆಂದರೆ, 62,000ಕ್ಕೆ ಮೂರು ಸಭೆಗಳಲ್ಲಿ ವಿಚಾರಣೆ ನಡೆಸಿದ ಸಮಿತಿ ಆ ಪತ್ರದ ಬಗ್ಗೆ ಅಧಿಕೃತವಾಗಿ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ನಡಾವಳಿ ಪುಸ್ತಕದಲ್ಲಿ ಅದರ ಉಲ್ಲೇಖವೇ ಇಲ್ಲ. ಯಾಕೆಂದರೆ ಸಂಘದ ಹೆಸರಲ್ಲಿ ಯಾರು ಮಾತಾಡಬಹುದು ಎಂದು ನಮ್ಮ ನಿಯಮಾವಳಿಯಲ್ಲಿ ಎಲ್ಲೂ ಬರೆದಿಲ್ಲ.

ಈ ಎರಡು ಅನುಭವಗಳಿಂದ ನನಗೆ ಗಟ್ಟಿಯಾದ ಅಭಿಪ್ರಾಯ ಇದು. ಮುಂದಿನ ಸಮಿತಿ ಬಂದು ತಿದ್ದಬಹುದಾದ ತಪ್ಪುಗಳನ್ನು ಮಾಡುವ ಸ್ವಾತಂತ್ರ್ಯ ಪದಾಧಿಕಾರಿಗೆ ಧಾರಾಳವಾಗಿ ಇರಲಿ. ಯಾರೂ ತಿದ್ದಲಾಗದ ತಪ್ಪು ಮಾಡುವ ಸ್ವಾತಂತ್ರ್ಯ ಒಬ್ಬರಿಗೆ, ಅವರು ಎಷ್ಟೇ ಪ್ರಾಮಾಣಿಕರಾಗಿರಲಿ, ಬೇಡವೇ ಬೇಡ.

ಮೂವತ್ತಮೂರು ವರ್ಷ ಬ್ಯಾಂಕಿನಲ್ಲಿ ಕೆಲಸ ಮಾಡಿದೆ. ಶಾಖೆಯ ಮ್ಯಾನೇಜರಿಗೆ ಡಿಸ್ಕ್ರೀಷನರಿ ಪವರ್ ಎಂದಿರುತ್ತದೆ. ಇಷ್ಟು ಮೊತ್ತದವರೆಗಿನ ಸಾಲ ತಾನೇ ಮಂಜೂರು ಮಾಡಬಹುದು, ಅದರಾಚೆಯದು ಮೇಲಿನ ಕಚೇರಿಗೆ. ಮಂಜೂರು ಮಾಡಿದ ಪ್ರತಿಯೊಂದನ್ನೂ ಮೇಲಕ್ಕೆ ವರದಿ ಮಾಡಬೇಕು. ಅಧಿಕಾರ ಬಿಟ್ಟುಕೊಟ್ಟರೆ ಬ್ಯಾಂಕ್ ಮುಳುಗುತ್ತದೆಂದು ಯಾರೂ ಹೇಳುವುದಿಲ್ಲ, ಮಿತಿ ಬರೆದಿದೆ, ಲೆಕ್ಕ ನೋಡುವವರಿದ್ದಾರೆ. ಅಲ್ಲಿ ಸಂಬಳಕ್ಕೆ ದುಡಿಯುವವರಿಗೇ ಅಷ್ಟು ನಂಬಿಕೆ. ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸಿನಲ್ಲೋ ಫೋರ್ಟಿನಲ್ಲೋ ಕೆಲಸ ಮುಗಿಸಿ, ಲೋಕಲ್‌ನಲ್ಲಿ ನಿಂತುಕೊಂಡೇ ಬಂದು, ರಾತ್ರಿ ಎಂಟೂವರೆಗೆ ಸಂಘದ ಬಾಗಿಲು ತೆರೆಯುವವರಿಗೆ ಒಂದು ಬ್ಯಾನರ್ ಮಾಡಿಸಲು ಮೂರು ಸಹಿ ಬೇಕು!

ಸಣ್ಣ ಹಣಕ್ಕೆ ಬಿಗಿ ಹಿಡಿದರೆ ಸಂಘ ಸುರಕ್ಷಿತ ಎಂದುಕೊಂಡವರಿಗೆ ಇನ್ನೊಂದು ವಿಷಯ ಕಾಣುವುದಿಲ್ಲ. ಬಿಗಿ ಹಿಡಿದಾಗ ಕೆಲಸ ನಿಲ್ಲುವುದಿಲ್ಲ, ಯಾರೋ "ಸದ್ಯಕ್ಕೆ ನಾನು ಕೈಯಿಂದ ಹಾಕ್ತೇನೆ" ಎನ್ನುತ್ತಾರೆ. ಯಕ್ಷಗಾನ ಮೇಳದವರಿಗೆ ಮುಂಗಡ ಕೊಡಬೇಕು, ಸಭಾಗೃಹಕ್ಕೆ ಡಿಪಾಸಿಟ್ ಕಟ್ಟಬೇಕು, ಅಡುಗೆಯವರಿಗೆ ಇಂದೇ ಹೇಳಬೇಕು. ಸಮಿತಿಯ ಸಭೆ ಎರಡನೇ ಭಾನುವಾರ. ಹಾಗಾಗಿ ಕೈಯಲ್ಲಿ ಕಾಸಿದ್ದವರು ಹಾಕುತ್ತಾರೆ. ಕೈಯಿಂದ ಹಾಕಿದವರನ್ನು ಮುಂದೆ ಲೆಕ್ಕ ಕೇಳಲಿಕ್ಕೆ ಯಾರಿಗೆ ಬಾಯಿ ಬರುತ್ತದೆ? ಮೇಳ ಯಾವುದು, ಮುಖ್ಯ ಅತಿಥಿ ಯಾರು, ಸನ್ಮಾನ ಯಾರಿಗೆ, ಎಲ್ಲವನ್ನೂ ನಿಧಾನಕ್ಕೆ ಅವರೇ ನಿರ್ಧರಿಸುತ್ತಾರೆ. ನಿಯಮ ಪುಸ್ತಕದಲ್ಲಿ ಯಾರಿಗೂ ಕೊಡದ ಅಧಿಕಾರ ಜೇಬಿದ್ದವರಿಗೆ ಹೋಗುತ್ತದೆ. ಅವರು ಕೆಟ್ಟವರೆಂದಲ್ಲ. ಆದರೆ ಶಾಲಾ ಶಿಕ್ಷಕರೊಬ್ಬರು, ಬಾಡಿಗೆ ಮನೆಯಲ್ಲಿರುವ ಗುಮಾಸ್ತರೊಬ್ಬರು ಕಾರ್ಯದರ್ಶಿಯಾಗಲು ಯಾಕೆ ಹಿಂಜರಿಯುತ್ತಾರೆ ಎಂದು ಒಮ್ಮೆ ಕೇಳಿ ನೋಡಿ. "ಕೈಯಿಂದ ಹಾಕಲಿಕ್ಕೆ ನನ್ನಲ್ಲಿಲ್ಲ" ಎನ್ನುತ್ತಾರೆ. ನನಗೆ ಇಬ್ಬರು ಹೇಳಿದ್ದಾರೆ, ಇಬ್ಬರೂ ಬಹಳ ಒಳ್ಳೆಯ ಕಾರ್ಯದರ್ಶಿಗಳಾಗುತ್ತಿದ್ದರು.

ಮಹಿಳಾ ವಿಭಾಗದ ಕಥೆ ಇನ್ನೂ ನೋವಿನದು. ಸಂಕ್ರಾಂತಿಯ ಮೇಲೆ ಅರಸಿನ ಕುಂಕುಮ, ಮಳೆಗಾಲದಲ್ಲಿ ಆಟಿ ತಿಂಗಳ ತಿನಿಸುಗಳ ದಿನ, ವರ್ಷದಲ್ಲಿ ಅತಿ ಹೆಚ್ಚು ಜನ ಬರುವ ಕಾರ್ಯಕ್ರಮಗಳು ಇವೇ. ಪತ್ರೊಡೆಗೆ ಕೆಸುವಿನ ಎಲೆ ತರುವುದರಿಂದ ಹಿಡಿದು ಕೊನೆಯ ಪಾತ್ರೆ ತೊಳೆಯುವವರೆಗೆ ನಾವೇ. ಕೂಪನ್ ಮಾರಿದ ಹಣ ನಾವೇ ಸಂಗ್ರಹಿಸಿ ಮುಖ್ಯ ಖಾತೆಗೆ ಕಟ್ಟುತ್ತೇವೆ. ಆಮೇಲೆ ಅದೇ ಹಣದಿಂದ ಮೂರು ಸಾವಿರ ಬೇಕಾದರೆ ಅರ್ಜಿ ಬರೆದು, ಸಮಿತಿಯ ಬಾಗಿಲಲ್ಲಿ ಕಾದು, "ಇಷ್ಟೆಲ್ಲ ಯಾಕೆ ಬೇಕು?" ಎಂಬ ಮಾತು ಕೇಳಿಕೊಂಡು ತರಬೇಕು. ನಾನು ಕಾರ್ಯಾಧ್ಯಕ್ಷೆಯಾಗಿದ್ದ ಮೂರು ವರ್ಷ ಒಂದೇ ಒಂದು ಚೆಕ್ಕಿಗೆ ನನ್ನ ಸಹಿ ಬೇಕಾಗಲಿಲ್ಲ. ಬ್ಯಾಂಕಿನಲ್ಲಿ ನಾನು ದಿನಕ್ಕೆ ಎಷ್ಟು ಲಕ್ಷದ ಕಾಗದಗಳಿಗೆ ಸಹಿ ಹಾಕುತ್ತಿದ್ದೆನೆಂದು ಅವರೆಲ್ಲರಿಗೂ ಗೊತ್ತಿತ್ತು. ಯುವ ವಿಭಾಗವೂ ಹಾಗೆಯೇ. ಹುಡುಗರು ಎರಡು ವರ್ಷ ಉತ್ಸಾಹದಿಂದ ಬರುತ್ತಾರೆ, ಜೀಪೇಯಲ್ಲಿ ತಾವೇ ಕೊಟ್ಟ ಹಣ ಆರು ತಿಂಗಳಾದರೂ ವಾಪಸು ಬರುವುದಿಲ್ಲ, ಮೂರನೇ ವರ್ಷ ಕಾಣುವುದಿಲ್ಲ. ಮತ್ತೆ ನಾವು ಭಾಷಣದಲ್ಲಿ "ಯುವಕರು ಮುಂದೆ ಬರಬೇಕು" ಎನ್ನುತ್ತೇವೆ.

"ಗೆಲ್ಲಿಸಿ ಕೂರಿಸಿದ್ದೇವೆ, ಪೂರ್ತಿ ಅಧಿಕಾರ ಕೊಡಿ, ಸರಿ ಇಲ್ಲದಿದ್ದರೆ ಮುಂದಿನ ಚುನಾವಣೆಯಲ್ಲಿ ಇಳಿಸಿ" ಎನ್ನುವವರೂ ಇದ್ದಾರೆ. ಮಾತೇನೋ ಸರಿ, ಚುನಾವಣೆ ನಡೆದರೆ. ನಮ್ಮಲ್ಲಿ ಕೊನೆಯ ಬಾರಿ ಮತಪೆಟ್ಟಿಗೆ ಇಟ್ಟದ್ದು ಯಾವಾಗ? ಎಲ್ಲ ಅವಿರೋಧ ಆಯ್ಕೆ. ಅದನ್ನು ಒಗ್ಗಟ್ಟೆಂದು ಹೊಗಳಿಕೊಳ್ಳುತ್ತೇವೆ, ಬಹುಪಾಲು ಅದು ಬೇರೆ ಯಾರೂ ಸಿಗದ ಸ್ಥಿತಿ. ಸೋಲುವ ಭಯವೇ ಇಲ್ಲದ ಕುರ್ಚಿಗೆ ಚುನಾವಣೆ ಕಡಿವಾಣವಾಗುವುದಿಲ್ಲ.

ವಾಟ್ಸ್‌ಆ್ಯಪ್ ಗುಂಪಿನ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಸಭೆಯ ಮರುದಿನ ಒಬ್ಬ ಯುವ ಸದಸ್ಯ ಗುಂಪಿನಲ್ಲಿ, "ರಿಡೆವಲಪ್‌ಮೆಂಟ್ ಠರಾವಿನ ಪ್ರತಿ ಸಿಗಬಹುದೇ?" ಎಂದು ಮರ್ಯಾದೆಯಿಂದಲೇ ಕೇಳಿದ. ಸಂಜೆಯೊಳಗೆ ಅಡ್ಮಿನ್‌ಗಳು ಮಾತ್ರ ಬರೆಯಬಹುದು ಎಂದು ಬದಲಾಯಿತು. ಸದಸ್ಯರ ಬಾಯಿ ಮುಚ್ಚಿಸುವುದನ್ನು ಒಬ್ಬರೇ, ಯಾರಿಗೂ ಉತ್ತರ ಹೇಳದೆ, ಬೆರಳ ತುದಿಯಲ್ಲಿ ಮಾಡಬಹುದಾದರೆ ಅದೂ ಅಧಿಕಾರವೇ. ನಿಯಮಾವಳಿ ಬರೆದವರ ಕಾಲದಲ್ಲಿ ಅದು ಇರಲಿಲ್ಲ. ಈಗ ಅದಕ್ಕೂ ಒಂದು ಸಾಲು ಬರೆಯಬೇಕು.

ಇನ್ನು ಜಾಗದ ವಿಷಯ. ನಮ್ಮಲ್ಲಿ ಹೆಚ್ಚಿನವರು ಹೌಸಿಂಗ್ ಸೊಸೈಟಿಗಳಲ್ಲಿ ಇರುವವರು. ನಿಮ್ಮ ಕಟ್ಟಡದ ರಿಡೆವಲಪ್‌ಮೆಂಟ್ ಬಂದಾಗ ಎಷ್ಟು ಸಭೆಗಳಾದವು ನೆನಪಿಸಿಕೊಳ್ಳಿ. ಸಹಕಾರ ಕಾಯ್ದೆಯ 79ಎ ಕಲಮಿನಡಿ ಸರ್ಕಾರ ಕೊಟ್ಟ ಮಾರ್ಗಸೂಚಿಯಂತೆ ವಿಶೇಷ ಮಹಾಸಭೆ ಕರೆಯಬೇಕು, ಡೆವಲಪರ್ ಆಯ್ಕೆಯ ಸಭೆಗೆ ರಿಜಿಸ್ಟ್ರಾರ್ ಕಚೇರಿಯ ಪ್ರತಿನಿಧಿ ಬರಬೇಕು, ಸಭೆಯ ವಿಡಿಯೋ ಚಿತ್ರೀಕರಣ ಆಗಬೇಕು. ನಿಮ್ಮ ಸೊಸೈಟಿಯ ಸೆಕ್ರೆಟರಿ "ಪೂರ್ಣ ಅಧಿಕಾರ ನನಗೆ ಕೊಡಿ" ಎಂದಿದ್ದರೆ ಅಲ್ಲೇ ಜಗಳ ಆಗುತ್ತಿತ್ತು. ನಮ್ಮ ಮನೆಯ ನಾನ್ನೂರು ಚದರಡಿಗೆ ಇಷ್ಟು ಜಾಗ್ರತೆ. ಹಿರಿಯರು ಮನೆಮನೆಗೆ ಹೋಗಿ ರಸೀದಿ ಪುಸ್ತಕ ಹಿಡಿದು ಹತ್ತು, ಐವತ್ತು ರೂಪಾಯಿ ಕೂಡಿಸಿ ಕೊಂಡ ಜಾಗಕ್ಕೆ ಒಂದು ಚಪ್ಪಾಳೆ ಸಾಕೆ?

ಸಂಘವೆಂದರೆ 1860ರ ಸೊಸೈಟೀಸ್ ರಿಜಿಸ್ಟ್ರೇಷನ್ ಕಾಯ್ದೆಯಲ್ಲಿ ನೋಂದಣಿಯಾದ ಸಂಸ್ಥೆ ಮಾತ್ರವಲ್ಲ. ಮಹಾರಾಷ್ಟ್ರದಲ್ಲಿ ನಾವು 1950ರ ಪಬ್ಲಿಕ್ ಟ್ರಸ್ಟ್ಸ್ ಕಾಯ್ದೆಯಡಿಯೂ ಬರುತ್ತೇವೆ. ಅದರ 36ನೇ ಕಲಮಿನ ಪ್ರಕಾರ ಟ್ರಸ್ಟಿನ ಸ್ಥಿರಾಸ್ತಿಯನ್ನು ಮಾರಲು, ವಿನಿಮಯ ಮಾಡಲು, ದಾನ ಕೊಡಲು, ಕಟ್ಟಡವನ್ನು ಮೂರು ವರ್ಷಕ್ಕಿಂತ ಹೆಚ್ಚಿನ ಅವಧಿಗೆ ಲೀಸ್ ಕೊಡಲು ಚಾರಿಟಿ ಕಮಿಷನರ್ ಅವರ ಪೂರ್ವಾನುಮತಿ ಬೇಕು. ಅಂದರೆ ನಾವು ಅಧ್ಯಕ್ಷರಿಗೆ ಕೊಟ್ಟ "ಪೂರ್ಣ ಅಧಿಕಾರ" ನಮ್ಮಲ್ಲೇ ಪೂರ್ಣವಾಗಿ ಇಲ್ಲ. ಹಾಗಾದರೆ ಭಯವೇನು ಎಂದು ಕೇಳುತ್ತೀರಿ. ವರಳಿಯಲ್ಲಿರುವ ಆ ಕಮಿಷನರ್ ಕಚೇರಿಗೆ ಕಾಗದ ಹೋಗುವ ಮೊದಲೇ ಬಿಲ್ಡರ್ ಜೊತೆ ಒಂದು ಒಪ್ಪಂದಕ್ಕೆ ಸಹಿ ಬಿದ್ದಿರುತ್ತದೆ, ಮುಂಗಡ ಬಂದಿರುತ್ತದೆ. ಆಮೇಲೆ ಬೇಡವೆಂದರೆ ಕೋರ್ಟು. ತಾರೀಖಿನ ಮೇಲೆ ತಾರೀಖು ಬೀಳುವಾಗ ಇಂದಿನ ಅಧ್ಯಕ್ಷರ ಅವಧಿ ಮುಗಿದಿರುತ್ತದೆ, ಅಲೆಯುವವರು ಅಂದು ಶಾಲೆಗೆ ಹೋಗುತ್ತಿದ್ದ ಮಕ್ಕಳು.

ಈ ನಗರದಲ್ಲಿ ನಮ್ಮವರ ಸಂಸ್ಥೆಗಳು ಎಷ್ಟು ಹಳೆಯವು ನೋಡಿ. ಮೊಗವೀರ ವ್ಯವಸ್ಥಾಪಕ ಮಂಡಳಿ 1902ರದು, ಮಾಟುಂಗದ ಮೈಸೂರು ಅಸೋಸಿಯೇಷನ್ 1926ರದು, ಬಂಟರ ಸಂಘ 1927ರದು. ಹೊಟೇಲಿನಲ್ಲಿ ಲೋಟ ತೊಳೆಯುತ್ತಿದ್ದ ಹುಡುಗರು ರಾತ್ರಿಶಾಲೆಯಲ್ಲಿ ಕಲಿತು ಮೇಲೆ ಬಂದದ್ದು ಇಂಥ ಸಂಸ್ಥೆಗಳಿಗೆ ಒಂದು ಜಾಗ, ಒಂದು ಕೋಣೆ, ಒಂದು ಹೆಸರು ಇದ್ದದ್ದರಿಂದ. ನೂರು ವರ್ಷದಲ್ಲಿ ಎಷ್ಟು ಅಧ್ಯಕ್ಷರು ಬಂದು ಹೋಗಿರಬೇಡ! ಕೂತು ಮಾತಾಡಲು ಸ್ವಂತ ಜಾಗ ಇಲ್ಲದೆ, ಯಾರದೋ ಹೊಟೇಲಿನ ಮಾಳಿಗೆಯಲ್ಲಿ ಸಭೆ ಮಾಡುವ ಎಷ್ಟೋ ಚಿಕ್ಕ ಸಂಘಗಳನ್ನು ನಾನು ನೋಡಿದ್ದೇನೆ. ಅವರ ಪಾಡು ನಮಗೆ ಬರಬಾರದು.

ನಮ್ಮ ಈಗಿನ ಅಧ್ಯಕ್ಷರ ಬಗ್ಗೆ ನನಗೆ ಗೌರವವಿದೆ, ಇದನ್ನು ಅವರಿಗೆ ಫೋನ್ ಮಾಡಿ ಹೇಳಿಯೇ ಬರೆಯುತ್ತಿದ್ದೇನೆ. "ನಿಮಗೆ ನನ್ನ ಮೇಲೆ ನಂಬಿಕೆ ಇಲ್ಲವಾ ಮೇಡಂ?" ಎಂದರು. ಇದೆ. ಆದರೆ ಠರಾವಿನಲ್ಲಿ ನಿಮ್ಮ ಹೆಸರಿಲ್ಲ, "ಅಧ್ಯಕ್ಷರು" ಎಂದಿದೆ. ನಾಳೆ ಆ ಕುರ್ಚಿಯಲ್ಲಿ ಯಾರು ಕೂರುತ್ತಾರೋ ಅವರಿಗೂ ಅದೇ ಅಧಿಕಾರ ಸಿಗುತ್ತದೆ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದು ನಾನು ಯೋಚಿಸಿರಲಿಲ್ಲ" ಎಂದರು. ಅಷ್ಟು ಹೇಳಲಿಕ್ಕೂ ದೊಡ್ಡ ಮನಸ್ಸು ಬೇಕು.

ನಿಯಮಾವಳಿಯಲ್ಲಿ ಸದಸ್ಯರೇ ಬೇಡಿಕೆ ಸಲ್ಲಿಸಿ ವಿಶೇಷ ಮಹಾಸಭೆ ಕರೆಯಿಸಬಹುದು. ಅದಕ್ಕೆ ಬೇಕಾದ ಸಹಿಗಳು ಬುಧವಾರದೊಳಗೇ ಆದವು. ನಾವು ಇಡುವ ತಿದ್ದುಪಡಿ ಸರಳವಾದದ್ದು. ಕಾರ್ಯದರ್ಶಿ, ಕೋಶಾಧಿಕಾರಿ ಕೂಡಿ 25,000ದವರೆಗೆ ಖರ್ಚು ಮಾಡಲಿ, ಮುಂದಿನ ಸಭೆಯಲ್ಲಿ ಬಿಲ್ಲು ಇಡಲಿ. ಪ್ರಾಮಾಣಿಕವಾಗಿ ಮಾಡಿದ ಖರ್ಚು ಸಮಿತಿಗೆ ಇಷ್ಟವಾಗದಿದ್ದರೆ ಮಿತಿ ಕಡಿಮೆ ಮಾಡಲಿ, ಅವರನ್ನು ಕಟಕಟೆಯಲ್ಲಿ ನಿಲ್ಲಿಸುವುದು ಬೇಡ. ಪ್ರವಾಹ, ಸಾಂಕ್ರಾಮಿಕದಂಥ ಹೊತ್ತಿನಲ್ಲಿ ಅದರ ಮೂರು ಪಟ್ಟು. ಮಹಿಳಾ ಮತ್ತು ಯುವ ವಿಭಾಗಕ್ಕೆ ವರ್ಷದ ಆರಂಭದಲ್ಲೇ ಬಜೆಟ್ ಮಂಜೂರಾಗಲಿ, ಆಮೇಲೆ ಅವರು ಅದನ್ನು ಹೇಗೆ ಖರ್ಚು ಮಾಡುತ್ತಾರೆಂಬುದು ಅವರಿಗೆ ಬಿಟ್ಟದ್ದು. ಸಂಘದ ಲೆಟರ್‌ಹೆಡ್ಡಿನಲ್ಲಿ ಅಥವಾ ವೇದಿಕೆಯಲ್ಲಿ ಸಾರ್ವಜನಿಕ ವಿಷಯದ ಬಗ್ಗೆ ನಿಲುವು ಹೇಳಬೇಕಾದರೆ, ಚುನಾವಣೆಗೆ ನಿಂತವರಿಗೆ ಬೆಂಬಲ ಸಾರುವುದೂ ಸೇರಿ, ಸಮಿತಿಯ ಬಹುಮತ ಬೇಕು. ತುರ್ತಿದ್ದರೆ ವಾಟ್ಸ್‌ಆ್ಯಪ್‌ನಲ್ಲೇ ಒಂದು ದಿನದಲ್ಲಿ ಮತ ಕೇಳಬಹುದು. 2020ರಲ್ಲಿ ಈ ಸಾಲು ಇದ್ದಿದ್ದರೆ ನನ್ನನ್ನೇ ಅದು ತಡೆಯುತ್ತಿತ್ತು. ಜಾಗದ ಬಗ್ಗೆ ಮಾತ್ರ ಯಾವ ಪದಾಧಿಕಾರಿಗೂ ಸ್ವತಂತ್ರ ಅಧಿಕಾರ ಇಲ್ಲ. ಮಾತುಕತೆ ನಡೆಸಲಿ, ಬಿಲ್ಡರ್‌ಗಳ ಪ್ರಸ್ತಾಪ ತರಲಿ, ಸಹಿ ಹಾಕುವ ಮೊದಲು ಎಲ್ಲ ಕಾಗದ ಸದಸ್ಯರಿಗೆ ಕಳಿಸಿ 21 ದಿನದ ನೋಟಿಸಿನ ಮೇಲೆ ವಿಶೇಷ ಸಭೆ ಕರೆಯಲಿ, ಮತ ಎಣಿಸಲಿ. ಕಳೆದ ಭಾನುವಾರದ ಠರಾವು ರದ್ದಾಗಲಿ.

ಇನ್ನೂ ಒಂದು ತಿದ್ದುಪಡಿ ಇದೆ, ಕೋರಂ ಬಗ್ಗೆ, ಅಂದರೆ ಸಭೆ ನಡೆಸಲು ಹಾಜರಿರಲೇಬೇಕಾದ ಕನಿಷ್ಠ ಸದಸ್ಯರ ಸಂಖ್ಯೆಯ ಬಗ್ಗೆ. "ಕೋರಂ ಆಗದಿದ್ದಲ್ಲಿ ಸಭೆಯನ್ನು ಅರ್ಧ ಗಂಟೆ ಮುಂದೂಡಿ ಅದೇ ಸ್ಥಳದಲ್ಲಿ ನಡೆಸಲಾಗುವುದು, ಅದಕ್ಕೆ ಕೋರಂ ಅಗತ್ಯವಿಲ್ಲ" ಎಂಬ ಸಾಲು ನಮ್ಮ ಎಲ್ಲ ನೋಟಿಸುಗಳಲ್ಲಿ ಇದೆ. ಮಾಮೂಲಿ ಸಭೆಗೆ ಅದು ಇರಲಿ, ಇಲ್ಲದಿದ್ದರೆ ಲೆಕ್ಕಪತ್ರವೂ ಪಾಸಾಗುವುದಿಲ್ಲ. ಜಾಗದ ಸಭೆಗೆ ಅದು ಅನ್ವಯಿಸಬಾರದು. ಕಳೆದ ವಾರ ನಾಲ್ಕು ನೂರಕ್ಕೂ ಹೆಚ್ಚು ಸದಸ್ಯರ ಪೈಕಿ ನಾವು ಇದ್ದದ್ದು ಮೂವತ್ತೆಂಟು ಜನ, ಅಡುಗೆಯವರನ್ನು ಬಿಟ್ಟು. ನಮ್ಮದೂ ಅರ್ಧ ಗಂಟೆ ಕಾದು ನಡೆಸಿದ ಸಭೆಯೇ.

ವಿಶೇಷ ಸಭೆ ಮುಂದಿನ ತಿಂಗಳ ಎರಡನೇ ಭಾನುವಾರ ಬೆಳಿಗ್ಗೆ ಹತ್ತಕ್ಕೆ. ನೋಟಿಸ್ ಅಂಚೆಯಲ್ಲಿ ಬರುತ್ತದೆ, ವಾಟ್ಸ್‌ಆ್ಯಪ್ ಗುಂಪನ್ನು ನೆಚ್ಚಬೇಡಿ. ಆಜೀವ ಸದಸ್ಯರಿಗೂ ಮತದ ಹಕ್ಕಿದೆ; ವಾರ್ಷಿಕ ಸದಸ್ಯರು ಶುಲ್ಕ ಬಾಕಿ ಇದ್ದರೆ ಈ ವಾರವೇ ಕಟ್ಟಿ ರಸೀದಿ ಪಡೆಯಿರಿ. ಠಾಣೆ ನಗರದಿಂದಾಚೆಯವರು ಮೆಗಾಬ್ಲಾಕ್, ಅಂದರೆ ದುರಸ್ತಿಗಾಗಿ ಲೋಕಲ್ ರೈಲು ನಿಲ್ಲಿಸುವುದು, ಇದೆಯೇ ನೋಡಿಕೊಂಡು ಸ್ವಲ್ಪ ಬೇಗ ಹೊರಡಿ. ಹತ್ತಕ್ಕೆ ಕೋರಂ ಆಗಬೇಕು, ಹತ್ತೂವರೆಗೆ ಅಲ್ಲ. ಊಟ ಈ ಸಲ ಮತ ಎಣಿಕೆ ಮುಗಿದ ಮೇಲೆಯೇ. ಅಡುಗೆಯ ಜವಾಬ್ದಾರಿ ಮಹಿಳಾ ವಿಭಾಗದ್ದು, ನಾನೇ ಮಾತಾಡಿದ್ದೇನೆ.